ದಾವಣಗೆರೆ, ಚಿತ್ರದುರ್ಗದ ಕ್ಯಾನ್ಸರ್ ಮಕ್ಕಳಿಗೆ ನೆರವು: ಸಣ್ಣ ಟ್ರಸ್ಟ್‌ನ ದುಡ್ಡು ಎಲ್ಲಿಗೆ ಹೋಗಬೇಕು?

ಕುಂದವಾಡಕೆರೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಟ್ರಸ್ಟ್ ಇದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳು ಮತ್ತು ಅವರ ಮನೆಯವರ ಜೊತೆ ನಿಲ್ಲಬೇಕು ಅಂತ ಈ ವರ್ಷದಿಂದ ನಿರ್ಧಾರ ಆಗಿದೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ನೋಡಿಕೊಳ್ಳಬೇಕು ಅಂತಿದೀವಿ. ವರ್ಷಕ್ಕೆ ಆರು ಲಕ್ಷದವರೆಗೆ ಕೂಡಿಸಬಹುದು, ಓಡಾಡೋಕೆ ಎಂಟು-ಹತ್ತು ಜನ ಇದ್ದಾರೆ. ಹೆಚ್ಚಿನ ಮಕ್ಕಳು ಹೋಗೋದು ಬೆಂಗಳೂರಿನ ಕಿದ್ವಾಯಿಗೆ.

ಕಮಿಟಿಯಲ್ಲಿ ಮೂರು ಮಾತು ಬಂದಿವೆ. ಹನ್ನೆರಡು ಮಕ್ಕಳನ್ನು ಆರಿಸಿ ತಲಾ ಐವತ್ತು ಸಾವಿರ ಆಸ್ಪತ್ರೆ ಬಿಲ್ಲಿಗೆ ಕೊಡೋದು. ಇಲ್ಲ, ಇಲ್ಲೇ ಒಂದು ಆಸ್ಪತ್ರೆಗೆ ಯಂತ್ರ ಏನಾದರೂ ಕೊಡಿಸೋದು. ಇಲ್ಲ, ವರ್ಷಕ್ಕೊಮ್ಮೆ ದೊಡ್ಡ ರಕ್ತದಾನ ಶಿಬಿರ ಮಾಡೋದು. ಈ ಕೆಲಸವನ್ನು ಹತ್ತಿರದಿಂದ ಬಲ್ಲವರು ಹೇಳಿ: ನಿಜಕ್ಕೂ ಕೊರತೆ ಇರೋದು ಎಲ್ಲಿ? ಎಷ್ಟು ಮಕ್ಕಳ ಜವಾಬ್ದಾರಿ ತಗೋಬಹುದು? ದಾವಣಗೆರೆಯಲ್ಲೇ ಕೂತು ಮಾಡುವಂಥದ್ದು ಏನಿದೆ?

ಜೋಗಿಮಟ್ಟಿ ಉತ್ತರ:

ಮೂರರಲ್ಲಿ ಯಾವುದೂ ಬೇಡ ಅನ್ನೋದು ನನ್ನ ಅಭಿಪ್ರಾಯ. ಕಾರಣ ಉದ್ದ ಇದೆ, ಓದಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಕೀಮೋ, ರೇಡಿಯೇಶನ್, ಸರ್ಜರಿ ಪ್ಯಾಕೇಜುಗಳು ಅದರೊಳಗೇ ಬರುತ್ತವೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ವರ್ಷಕ್ಕೆ 1.5 ಲಕ್ಷದ ಮಿತಿ. ಅಂದರೆ ಬಿಪಿಎಲ್ ಮಗುವಿನ ವಿಷಯದಲ್ಲಿ ನಿಮ್ಮ ಐವತ್ತು ಸಾವಿರ ಬಹುತೇಕ ಸರ್ಕಾರ ಕೊಡುವ ಕಡೆಗೇ ಹೋಗಿ ಸೇರುತ್ತದೆ. ಮಗು ಚಿಕಿತ್ಸೆ ಬಿಟ್ಟು ಊರಿಗೆ ವಾಪಸ್ಸಾಗೋದು ಪ್ಯಾಕೇಜಿನಲ್ಲಿ ಬರದ ಖರ್ಚಿಗೆ: ಬಸ್ಸು, ಆಟೋ, ಬೆಂಗಳೂರಲ್ಲಿ ಇರೋ ಜಾಗ, ಊಟ, ಅಪ್ಪನ ಕೂಲಿ, ಊರಲ್ಲಿ ಅಜ್ಜಿ ಹತ್ತಿರ ಬಿಟ್ಟುಬಂದ ಇನ್ನೊಂದು ಮಗು.

ಮಕ್ಕಳಲ್ಲಿ ಹೆಚ್ಚಾಗಿ ಕಾಣೋದು ಎಎಲ್‌ಎಲ್ ಅನ್ನೋ ರಕ್ತದ ಕ್ಯಾನ್ಸರ್. ಅದರ ಚಿಕಿತ್ಸೆ ಎರಡರಿಂದ ಮೂರು ವರ್ಷ. ಮೊದಲ ನಾಲ್ಕೈದು ವಾರ ಇಂಡಕ್ಷನ್, ಆಗ ಆಸ್ಪತ್ರೆ ಹತ್ತಿರವೇ ಇರಬೇಕು. ಆಮೇಲೆ ಏಳೆಂಟು ತಿಂಗಳು ಪದೇಪದೇ ಕೀಮೋ. ಕೊನೆಗೆ ಮೇಂಟೆನೆನ್ಸ್, ಅಂದರೆ ಮನೆಯಲ್ಲೇ ಮಾತ್ರೆ, ಆಗಾಗ ತಪಾಸಣೆ. ನರೇಗಾ ಕೂಲಿಯಲ್ಲೇ ಲೆಕ್ಕ ಹಾಕಿ ನೋಡಿ: 2025-26ರಲ್ಲಿ ದಿನಕ್ಕೆ 370 ರೂ. ಇಂಡಕ್ಷನ್‌ನ ಮೂವತ್ತು ದಿನ ಅಪ್ಪ ಕೆಲಸಕ್ಕೆ ಹೋಗದಿದ್ದರೆ 11,100 ರೂ. ಹೋಯಿತು, ಇನ್ನೂ ಖರ್ಚಿನ ಲೆಕ್ಕ ಶುರುವಾಗಿಲ್ಲ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ನೂರು ಮಕ್ಕಳಲ್ಲಿ ಎಂಬತ್ತಕ್ಕೂ ಹೆಚ್ಚು ಮಕ್ಕಳು ಉಳಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಜಗತ್ತಿಗೆಲ್ಲ ಇಟ್ಟ ಗುರಿ 2030ರ ಹೊತ್ತಿಗೆ ಕನಿಷ್ಠ ಶೇ. 60. ನಡುವಿನ ಅಂತರಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ಚಿಕಿತ್ಸೆ ಅರ್ಧಕ್ಕೆ ನಿಲ್ಲೋದು. ಅದನ್ನು ತಡೆಯೋ ಶಕ್ತಿ ನಿಮ್ಮಂಥ ಸಣ್ಣ ಟ್ರಸ್ಟ್‌ಗೇ ಇದೆ, ಯಾಕಂದರೆ ಮನೆ ಬಾಗಿಲಿಗೆ ಹೋಗಬಲ್ಲವರು ನೀವು.

ಎಷ್ಟು ಮಕ್ಕಳು ಅಂತ ಕೇಳಿದಿರಿ. ಹನ್ನೆರಡು ಬೇಡ, ವರ್ಷಕ್ಕೆ ಏಳು ಹೊಸ ಮಕ್ಕಳು ಸಾಕು. ಒಂದು ಮಗುವಿನ ಕೈ ಹಿಡಿದರೆ ಮೂರು ವರ್ಷ ಬಿಡುವಂತಿಲ್ಲ. ಮೊದಲ ವರ್ಷ ಮಗುವಿಗೆ 45,000 ಇಡಿ: ಅಮ್ಮನ ಖಾತೆಗೆ ಒಂಬತ್ತು ತಿಂಗಳು ತಿಂಗಳಿಗೆ 2,500, ಅಂದರೆ 22,500, ಓಡಾಟಕ್ಕೆ ಇಪ್ಪತ್ನಾಲ್ಕು ಸಲಕ್ಕೆ ತಲಾ 500, ಅಂದರೆ 12,000, ಮೊದಲ ಅಡ್ಮಿಶನ್‌ಗೆ ಬೇಕಾದ ಸಾಮಾನಿಗೆ 3,000, ಸರ್ಕಾರಿ ಯೋಜನೆಯ ಮಂಜೂರಾತಿ ಬರುವ ಮೊದಲಿನ ಪರೀಕ್ಷೆ ಮತ್ತು ತುರ್ತಿಗೆ 7,500. ಎರಡನೇ, ಮೂರನೇ ವರ್ಷ 15,000ದಂತೆ. ಮೂರನೇ ವರ್ಷ ಬರೋ ಹೊತ್ತಿಗೆ ಹೊಸಬರು ಏಳು, ಹಳಬರು ಹದಿನಾಲ್ಕು, ಒಟ್ಟು 5.25 ಲಕ್ಷ. ಉಳಿದ 75,000 ಮುಟ್ಟಬೇಡಿ. ಮೊದಲ ವರ್ಷ ಅರ್ಧದಷ್ಟು ದುಡ್ಡು ಉಳಿದಂತೆ ಕಾಣುತ್ತೆ, ಆಗ ಇನ್ನಷ್ಟು ಮಕ್ಕಳನ್ನು ಸೇರಿಸೋಣ ಅನ್ನೋ ಆಸೆ ಬರುತ್ತೆ. ಹಾಗೆ ಮಾಡಿದರೆ ಮೂರನೇ ವರ್ಷ ಯಾವುದೋ ಮಗುವಿಗೆ ಇಲ್ಲ ಅನ್ನಬೇಕಾಗುತ್ತದೆ.

ನಗದು ಕೈಗೆ ಕೊಡಬೇಡಿ, ತಿಂಗಳ ಒಂದೇ ತಾರೀಕಿಗೆ ಅಮ್ಮನ ಖಾತೆಗೆ ಹಾಕಿ. ಬಿಲ್ ತಂದರೆ ಕೊಡ್ತೀವಿ ಅನ್ನೋ ಷರತ್ತು ಓಡಾಟದ ದುಡ್ಡಿಗೆ ಬೇಡ, ಆಟೋದವರು ಬಿಲ್ ಕೊಡಲ್ಲ. ಇನ್ನೊಂದು ಮಾತು. ವೇದಿಕೆ ಹಾಕಿ ಚೆಕ್ ಹಿಡಿಸಿ ಮಗುವಿನ ಫೋಟೋ ತೆಗೆಯೋದು ದಯವಿಟ್ಟು ಬೇಡ. ಆ ಫೋಟೋ ಹತ್ತು ವರ್ಷ ಬಿಟ್ಟು ಆ ಹುಡುಗಿಯ ಮದುವೆ ಮಾತುಕತೆಯಲ್ಲಿ ಎದುರು ಬರುತ್ತೆ.

ಕುಂದವಾಡಕೆರೆ:

ಜೋಗಿಮಟ್ಟಿ ಸರ್, ಲೆಕ್ಕ ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಉಪಕಾರ. ಓಡಾಟಕ್ಕೆ ಸಲಕ್ಕೆ 500 ಸಾಕಾಗುತ್ತಾ? ಕಾಗದಪತ್ರದ ತೊಂದರೆ ಎಲ್ಲಿ ಬರುತ್ತೆ ಅನ್ನೋದೂ ಸ್ವಲ್ಪ ಹೇಳಿ.

ಜೋಗಿಮಟ್ಟಿ:

ಸಾಕಾಗುತ್ತೆ, ಇರೋ ರಿಯಾಯಿತಿ ಬಳಸಿಕೊಂಡರೆ. ಶಕ್ತಿ ಯೋಜನೆ 2023ರ ಜೂನ್‌ನಿಂದ ಇದೆ, ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಅಮ್ಮನಿಗೆ, ಹೆಣ್ಣು ಮಗುವಿಗೆ ಟಿಕೆಟ್ ಇಲ್ಲ. ರಾಜಹಂಸ, ಐರಾವತಕ್ಕೆ ಅದು ನಡೆಯಲ್ಲ. ಆದರೆ ಕೀಮೋ ಮುಗಿಸಿ ಕೌಂಟ್ (ರಕ್ತಕಣಗಳ ಸಂಖ್ಯೆ) ಇಳಿದಿರುವ ಮಗುವನ್ನು ತುಂಬಿದ ಬಸ್ಸಿನಲ್ಲಿ 260 ಕಿ.ಮೀ. ತರೋದು ಒಳ್ಳೆಯದಲ್ಲ. ಅದಕ್ಕೆ ರೈಲು ನೋಡಿ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಮೂಲ ದರದ ಮೇಲೆ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75. ಸೆಕೆಂಡ್ ಕ್ಲಾಸ್ ಮತ್ತು ಎಸಿ ಚೇರ್ ಕಾರ್‌ನಲ್ಲಿ ಇಬ್ಬರಿಗೂ ಶೇ. 75. ರೈಲ್ವೆಯ ನಿಗದಿತ ನಮೂನೆಯಲ್ಲೇ ಆಸ್ಪತ್ರೆಯ ಡಾಕ್ಟರ್ ಸಹಿ, ಸೀಲು ಹಾಕಿಕೊಡಬೇಕು. ಬೇರೆ ಲೆಟರ್‌ಹೆಡ್‌ನಲ್ಲಿ ಬರೆಸಿ ತಂದರೆ ಕೌಂಟರಿನಲ್ಲಿ ವಾಪಸ್ ಕಳಿಸ್ತಾರೆ. ಟಿಕೆಟ್ ಮಾಡಿಸೋಕೂ ಸ್ಟೇಷನ್ನಿನ ರಿಸರ್ವೇಶನ್ ಕೌಂಟರ್‌ಗೇ ಹೋಗಬೇಕು. ನಿಮ್ಮ ಸ್ವಯಂಸೇವಕರಲ್ಲಿ ಒಬ್ಬರಿಗೆ ಇದೊಂದೇ ಕೆಲಸ ವಹಿಸಿ: ದಾವಣಗೆರೆ ಸ್ಟೇಷನ್ನಿನಲ್ಲಿ ನಿಂತು ಮುಂದಿನ ತಾರೀಕಿಗೆ ಟಿಕೆಟ್ ಮಾಡಿಸೋದು. ದುರ್ಗದ ಕಡೆಯವರಿಗೆ ಬೆಂಗಳೂರು ರಸ್ತೆಯಲ್ಲಿ 200 ಕಿ.ಮೀ. ಆಸುಪಾಸು, ಅವರಿಗೆ ಬಸ್ಸೇ ಅನುಕೂಲ. ನಸುಕಿನಲ್ಲಿ, ಜನ ಕಡಿಮೆ ಇರೋ ಹೊತ್ತಿಗೆ ಹೊರಡಿಸಿ.

ಕಾಗದದ ತೊಂದರೆ ಬಹುತೇಕ ರೇಷನ್ ಕಾರ್ಡಿನಲ್ಲೇ. ಕಾರ್ಡಿನಲ್ಲಿ ಅಪ್ಪ, ಅಮ್ಮ, ಅಜ್ಜಿ ಇರ್ತಾರೆ, ಮೂರು ವರ್ಷದ ಮಗುವಿನ ಹೆಸರೇ ಸೇರಿಸಿರಲ್ಲ. ಸೇರ್ಪಡೆಗೆ ಆಹಾರ ಇಲಾಖೆಯ ಪೋರ್ಟಲ್ ಎಲ್ಲ ದಿನ ತೆರೆದಿರಲ್ಲ, ಹಾಗಾಗಿ ವಿಷಯ ಗೊತ್ತಾದ ದಿನವೇ ಗ್ರಾಮ ಒನ್‌ಗೆ ಓಡಬೇಕು. ಎರಡನೆಯದು ಆಧಾರ್. ಐದು ವರ್ಷದೊಳಗೆ ಮಾಡಿಸಿದ ಬಾಲ ಆಧಾರ್‌ನಲ್ಲಿ ಬೆರಳಚ್ಚು ಇರಲ್ಲ. ಐದು ತುಂಬಿದ ಮೇಲೆ ಅಪ್‌ಡೇಟ್ ಮಾಡಿಸಬೇಕು, ಹದಿನೈದಕ್ಕೆ ಇನ್ನೊಮ್ಮೆ. ಮಾಡಿಸದಿದ್ದರೆ ಆಯುಷ್ಮಾನ್ ಕಾರ್ಡ್ ತೆಗೆಯುವಾಗ ತಡೆಯುತ್ತೆ. ಮೂರನೆಯದು ಹೆಸರು: ಒಂದರಲ್ಲಿ ಅಪ್ಪನ ಇನಿಷಿಯಲ್ ಇದೆ, ಒಂದರಲ್ಲಿ ಇಲ್ಲ, ಹುಟ್ಟಿದ ತಾರೀಕು ಬೇರೆ. ಇದಿಷ್ಟನ್ನೂ ಬೆಂಗಳೂರಿಗೆ ಹೊರಡುವ ಮೊದಲೇ ನೋಡಿ. ಜಿಲ್ಲಾ ಆಸ್ಪತ್ರೆಯ ರೆಫರಲ್ ಪತ್ರ ಮೂಲ ಪ್ರತಿಯೇ ಇರಲಿ, ಎರಡು ಜೆರಾಕ್ಸ್ ಬೇರೆ ಇಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸಕ್ಕೆ ನೆರವಾಗೋಕೆ ಆರೋಗ್ಯ ಮಿತ್ರ ಅಂತ ಇರ್ತಾರೆ, ಮೊದಲು ಅವರ ಹತ್ತಿರ ಹೋಗೋಕೆ ಹೇಳಿ. ಮಂಜೂರಾತಿಗೆ ಮುಂಚೆ ದುಡ್ಡು ಕಟ್ಟಿಬಿಟ್ಟು ಆಮೇಲೆ ವಾಪಸ್ ಕೇಳೋದು ಬಹಳ ಕಷ್ಟ.

ಉಳಿಯೋ ಜಾಗದ ಬಗ್ಗೆ. 2006ರಲ್ಲಿ ಮುಂಬೈಯಲ್ಲಿ ಶುರುವಾದ ಸೇಂಟ್ ಜೂಡ್ ಇಂಡಿಯಾದವರ ಮಾದರಿ ನೋಡಿ: ಒಂದು ಕುಟುಂಬಕ್ಕೆ ಒಂದು ಕೋಣೆ, ಅಡುಗೆಗೆ ತಮ್ಮದೇ ಒಲೆ, ಎಲ್ಲ ಉಚಿತ. ಕೌಂಟ್ ಕಡಿಮೆ ಇರುವ ಮಗುವಿಗೆ ಬೇಕಾದ್ದು ಅದೇ. ನಲವತ್ತು ಜನ ಮಲಗುವ ಹಾಲ್‌ನಲ್ಲಿ ಒಬ್ಬರ ಕೆಮ್ಮು ಎಲ್ಲರಿಗೂ. ನಿಮ್ಮ ಬಜೆಟ್ಟಿನಲ್ಲಿ ಬೆಂಗಳೂರಲ್ಲಿ ಮನೆ ಮಾಡೋಕೆ ಹೋಗಬೇಡಿ, ಇರುವ ಧರ್ಮಶಾಲೆ ಮತ್ತು ಸಂಸ್ಥೆಗಳ ಜೊತೆ ಮೊದಲೇ ಮಾತಾಡಿ ಜಾಗ ಹಿಡಿದಿಡಿ.

ಮಾರಿಕಣಿವೆ ಉತ್ತರ:

ದುಡ್ಡಿನ ಬಗ್ಗೆ ಮೇಲಿನವರು ಹೇಳಿದ್ದು ಸರಿ ಇದೆ. ದಾವಣಗೆರೆಯಲ್ಲಿ ಕೂತು ಏನು ಮಾಡಬಹುದು ಅನ್ನೋದಕ್ಕೆ ನನ್ನ ಉತ್ತರ ಒಂದೇ: ಜ್ವರ.

ಕೀಮೋ ಆದ ಏಳರಿಂದ ಹದಿನಾಲ್ಕು ದಿನದ ಒಳಗೆ ಬಿಳಿ ರಕ್ತಕಣ ಕೆಳಗಿಳಿಯುತ್ತದೆ, ಅದರಲ್ಲಿ ಸೋಂಕು ತಡೆಯುವ ನ್ಯೂಟ್ರೋಫಿಲ್ ಕಣ 500ಕ್ಕಿಂತಲೂ ಕಡಿಮೆಯಾಗಬಹುದು. ಆಗ ಮಗು ಮನೆಯಲ್ಲಿರುತ್ತದೆ. ಜಗಳೂರಲ್ಲೋ, ಚಳ್ಳಕೆರೆಯಲ್ಲೋ, ಹೊಸದುರ್ಗದ ಹಳ್ಳಿಯಲ್ಲೋ. ಒಂದು ಸಲ 101 ಡಿಗ್ರಿ ತೋರಿಸಿದರೆ, ಅಥವಾ 100.4 ಒಂದು ಗಂಟೆ ನಿಂತರೆ ಅದು ತುರ್ತು. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಮೊದಲ ಆಂಟಿಬಯೋಟಿಕ್ ನರಕ್ಕೆ ಹೋಗಬೇಕು. ತಪ್ಪು ಆಗೋದು ಹೀಗೆ: ಸಂಜೆ ಮೈ ಬೆಚ್ಚಗಾಗುತ್ತೆ, ಪ್ಯಾರಾಸಿಟಮಾಲ್ ಸಿರಪ್ ಕೊಡ್ತಾರೆ, ಜ್ವರ ಇಳಿಯುತ್ತೆ, ಸೋಂಕು ಇಳಿಯಲ್ಲ. ಬೆಳಿಗ್ಗೆ ಕೈಕಾಲು ತಣ್ಣಗಾಗಿ, ಬಿಪಿ ಬಿದ್ದಿರುತ್ತೆ. ಬೆಂಗಳೂರಿಗೇ ಹೋಗೋಣ ಅಂತ ಕಾರು ಮಾಡಿಕೊಂಡು ಹೊರಟರೆ ದಾರಿಯಲ್ಲೇ ನಾಲ್ಕೈದು ಗಂಟೆ ಹೋಯಿತು. ಮೊದಲ ಡೋಸ್ ಇಲ್ಲೇ ಬೀಳಬೇಕು, ಬೆಂಗಳೂರು ಆಮೇಲೆ.

ಹಾಗಾಗಿ ಪ್ರತಿ ಮನೆಗೆ ಡಿಜಿಟಲ್ ಥರ್ಮಾಮೀಟರ್ ಎರಡು ಕೊಡಿ, ಒಂದು ಕೆಟ್ಟರೆ ಇನ್ನೊಂದು. ಕಂಕುಳಲ್ಲಿ ಮಾತ್ರ ಇಡಬೇಕು, ಗುದದಲ್ಲಿ ಯಾವತ್ತೂ ಬೇಡ, ಅಲ್ಲಿನ ಗಾಯದಿಂದಲೇ ಸೋಂಕು ರಕ್ತಕ್ಕೆ ಹೋಗುತ್ತದೆ. ಕಂಕುಳಲ್ಲಿ ಕಡಿಮೆ ತೋರಿಸುವುದರಿಂದ 100.4 ಬಂದ ತಕ್ಷಣ ಫೋನ್ ಮಾಡಲಿ. ಅಳತೆ ನೋಡದೆ, ಡಾಕ್ಟರನ್ನು ಕೇಳದೆ ಪ್ಯಾರಾಸಿಟಮಾಲ್ ಬೇಡ.

ಜೊತೆಗೆ ಅಂಗೈಯಗಲದ ಲ್ಯಾಮಿನೇಟ್ ಮಾಡಿದ ಕಾರ್ಡ್. ಅದರಲ್ಲಿ ಮಗುವಿನ ಹೆಸರು, ತೂಕ, ಯಾವ ಕ್ಯಾನ್ಸರ್, ಪೋರ್ಟ್ (ಔಷಧ ಕೊಡಲು ಚರ್ಮದಡಿ ಕೂರಿಸಿದ ಸಾಧನ) ಇದೆಯೋ ಇಲ್ಲವೋ, ಯಾವ ಔಷಧಕ್ಕೆ ಅಲರ್ಜಿ, ವಾರ್ಡಿನ ಫೋನ್, ಮತ್ತು ಚಿಕಿತ್ಸೆ ಕೊಡುತ್ತಿರುವ ಡಾಕ್ಟರೇ ಬರೆದುಕೊಟ್ಟ ಮೊದಲ ಆಂಟಿಬಯೋಟಿಕ್ ಮತ್ತು ಡೋಸ್. ಕೊನೆಯ ಕೀಮೋ ತಾರೀಕು ಬದಲಾಗುತ್ತಿರುವುದರಿಂದ ಅದನ್ನು ಮಾರ್ಕರ್‌ನಲ್ಲಿ ಬರೆದು ಒರೆಸುವಂತಿರಲಿ. ತೂಕ ಎರಡು ತಿಂಗಳಿಗೊಮ್ಮೆ ಸರಿಪಡಿಸಿ, ಮಕ್ಕಳ ಡೋಸ್ ಪೂರ್ತಿ ತೂಕದ ಮೇಲೆ ನಿಂತಿದೆ. ದಾವಣಗೆರೆಯ ಚಿಗಟೇರಿ ಆಸ್ಪತ್ರೆ, ಬಾಪೂಜಿ ಮಕ್ಕಳ ಆಸ್ಪತ್ರೆ, ದುರ್ಗದ ಜಿಲ್ಲಾ ಆಸ್ಪತ್ರೆ, ಇಲ್ಲಿನ ಮಕ್ಕಳ ವಿಭಾಗದವರನ್ನು ಈಗಲೇ ಭೇಟಿ ಮಾಡಿ, ಈ ಕಾರ್ಡ್ ತೋರಿಸಿ, ರಾತ್ರಿ ಹನ್ನೊಂದಕ್ಕೆ ಮಗು ಬಂದರೆ ಎಲ್ಲಿಗೆ ಬರಬೇಕು ಅಂತ ಕೇಳಿಕೊಂಡು ಬನ್ನಿ. ಮೊಳಕಾಲ್ಮೂರು ಕಡೆಯ ಕೆಲವು ಹಳ್ಳಿಗಳಿಗೆ ಬಳ್ಳಾರಿಯೇ ಹತ್ತಿರ; ಅವರ ಕಾರ್ಡಿನಲ್ಲಿ ಬಳ್ಳಾರಿ ಬರೆಯಿರಿ. ರಾತ್ರಿ ಬರುವ ವಾಹನದವರ ಎರಡು ನಂಬರ್ ಕಾರ್ಡಿನ ಹಿಂದೆ ಇರಲಿ, 108 ತಡವಾದರೆ ಬೇಕಾಗುತ್ತದೆ. ಆ ಬಾಡಿಗೆ ಟ್ರಸ್ಟ್ ಕೊಡುತ್ತದೆ ಅಂತ ಮನೆಯವರಿಗೆ ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ಬೆಳಗಾಗಲಿ ಅಂತ ಕಾಯುತ್ತಾರೆ.

ಮಾತ್ರೆಗಳ ವಿಷಯ ಇಷ್ಟೇ ಮುಖ್ಯ. ಮೇಂಟೆನೆನ್ಸ್‌ನಲ್ಲಿ 6-ಮರ್ಕ್ಯಾಪ್ಟೋಪ್ಯೂರಿನ್ (6-ಎಂಪಿ) ದಿನಾ, ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಇದನ್ನು ಅದಲುಬದಲು ಮಾಡಿ ಮೆಥೋಟ್ರೆಕ್ಸೇಟ್ ದಿನಾ ಕೊಟ್ಟರೆ ಬಾಯಿ ತುಂಬ ಹುಣ್ಣಾಗಿ, ಕೌಂಟ್ ಪೂರ್ತಿ ಬಿದ್ದು ಜೀವಕ್ಕೇ ಅಪಾಯ. ಗೋಡೆಯ ಕ್ಯಾಲೆಂಡರಿನಲ್ಲಿ ಆ ಒಂದು ದಿನಕ್ಕೆ ಕೆಂಪು ಗುರುತು ಹಾಕಿ, ಡಬ್ಬಿಯ ಮೇಲೆ ‘ಸೋಮವಾರ ಮಾತ್ರ’ ಅಂತ ಚೀಟಿ ಅಂಟಿಸಿ. 6-ಎಂಪಿ ತಪ್ಪಿಸಿದರೆ ಬೇರೆ ತೊಂದರೆ: ಕೊಡಬೇಕಾದ ಡೋಸ್‌ಗಳಲ್ಲಿ ಶೇ. 95ಕ್ಕಿಂತ ಕಡಿಮೆ ತೆಗೆದುಕೊಂಡ ಮಕ್ಕಳಲ್ಲಿ ಕಾಯಿಲೆ ಮರುಕಳಿಸೋದು ಹೆಚ್ಚು ಅಂತ ಅಧ್ಯಯನಗಳಲ್ಲಿ ಕಂಡಿದೆ. ತಿಂಗಳಿಗೆ ಎರಡು ದಿನ ತಪ್ಪಿದರೇ ಆ ಗೆರೆ ದಾಟಿದಂತೆ. ಮಗು ಆಟ ಆಡಿಕೊಂಡಿರುತ್ತೆ, ಕೂದಲು ಬಂದಿರುತ್ತೆ, ವಾಸಿಯಾಯ್ತಲ್ಲ ಅಂತ ಮಾತ್ರೆ ನಿಲ್ಲಿಸ್ತಾರೆ. ಇನ್ನೂ ಕೆಲವು ಸಲ ತಾಲ್ಲೂಕಿನ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಸಿಗದೇ ನಿಲ್ಲುತ್ತೆ. ಪ್ರತಿ ಮಗುವಿಗೂ ಎರಡು ವಾರದ ಹೆಚ್ಚುವರಿ ಮಾತ್ರೆ ಮನೆಯಲ್ಲಿರುವಂತೆ ನೋಡಿಕೊಳ್ಳೋದು ಟ್ರಸ್ಟ್ ಮಾಡಬಹುದಾದ ಅತ್ಯುತ್ತಮ ಕೆಲಸ, ಖರ್ಚೂ ಹೆಚ್ಚಿಲ್ಲ. ರಕ್ತ ಆಗಲಿ ಅಂತ ಫೋಲಿಕ್ ಆಸಿಡ್ ಇರೋ ಟಾನಿಕ್ ಕೊಡಬೇಡಿ ಅಂತ ಹೇಳಿ, ಅದು ಮೆಥೋಟ್ರೆಕ್ಸೇಟ್‌ನ ಕೆಲಸಕ್ಕೆ ಅಡ್ಡ ಬರುತ್ತೆ. ನಾಟಿ ಔಷಧಿಯಿಂದ ಲಿವರ್ ಏರುಪೇರಾದರೆ ಕೀಮೋ ಮುಂದೂಡಬೇಕಾಗುತ್ತದೆ, ಅದನ್ನು ಬೈಯದೆ ಬಿಡಿಸಿ ಹೇಳಿ. ಬೈದರೆ ಮುಚ್ಚಿಟ್ಟು ಕೊಡ್ತಾರೆ.

ಎಣ್ಣೆಗಿರಣಿ ಉತ್ತರ:

ರಕ್ತದಾನದ ಬಗ್ಗೆ ಮಾತ್ರ ಹೇಳ್ತೀನಿ. ಶಿಬಿರ ಮಾಡೋದು ತಪ್ಪಲ್ಲ, ಆದ್ರೆ ಈ ಮಕ್ಕಳಿಗೆ ಹೆಚ್ಚು ಬೇಕಾಗೋದು ಪ್ಲೇಟ್‌ಲೆಟ್. ಅದನ್ನ 20ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗಾಡಿಸ್ತಾ ಇಟ್ಟರೂ ಐದೇ ದಿನ. ಜನವರಿಯಲ್ಲಿ ಶಿಬಿರ ಮಾಡಿದ್ರೆ ಮಾರ್ಚ್‌ನಲ್ಲಿ ಮೂಗಿಂದ ರಕ್ತ ಸೋರೋ ಮಗುವಿಗೆ ಏನೂ ಉಪಯೋಗ ಇಲ್ಲ. ಅದರ ಬದಲು ದಾನಿಗಳ ಪಟ್ಟಿ ಮಾಡ್ರಿ. ಅದೂ ದಾವಣಗೆರೆಯಲ್ಲಲ್ಲ, ಬೆಂಗಳೂರಲ್ಲಿ. ನಮ್ಮ ಎರಡೂ ಜಿಲ್ಲೆಯ ಹುಡುಗರು ಅಲ್ಲಿ ಕೆಲಸಕ್ಕೆ, ಓದೋಕೆ ಎಷ್ಟು ಜನ ಇಲ್ಲ? ಒಂದೊಂದು ಬ್ಲಡ್ ಗ್ರೂಪಿಗೆ ಹತ್ತು ಜನ ಸಿಕ್ಕರೂ ಸಾಕು. ಯಂತ್ರದಲ್ಲಿ ಪ್ಲೇಟ್‌ಲೆಟ್ ಮಾತ್ರ ತೆಗೆಯೋದಕ್ಕೆ ವಯಸ್ಸು 18ರಿಂದ 60, ತೂಕ 50 ಕಿಲೋ ಮೇಲೆ, ಹಿಮೋಗ್ಲೋಬಿನ್ 12.5 ಇರಬೇಕು. ಹಿಂದಿನ ಮೂರು ದಿನ ಆಸ್ಪಿರಿನ್ ತಗೊಂಡಿರಬಾರದು. ತೋಳಿನ ನರ ದಪ್ಪ ಇರಬೇಕು, ಅದನ್ನ ಮೊದಲೇ ನೋಡಿಸಿ. ಇಲ್ಲದಿದ್ರೆ ಕರೆಸಿದವರಲ್ಲಿ ಅರ್ಧ ಜನ ವಾಪಸ್ ಹೋಗ್ತಾರೆ. ಒಂದೂವರೆ-ಎರಡು ಗಂಟೆ ಕೂರಬೇಕು ಅಂತನೂ ಮುಂಚೆಯೇ ಹೇಳ್ರಿ. ಒಂದೇ ದಿನ ಎಲ್ಲರನ್ನೂ ಕರೀಬೇಡಿ, ಇಬ್ಬರು ಬರಲಿ, ಮೂರನೆಯವರು ತಯಾರಿರಲಿ. ಇನ್ನೊಂದು, ಅಪ್ಪ-ಅಮ್ಮ, ಚಿಕ್ಕಪ್ಪಂದಿರೇ ಕೊಡ್ತೀವಿ ಅಂತ ಮುಂದೆ ಬರ್ತಾರೆ. ಹತ್ತಿರದ ರಕ್ತಸಂಬಂಧಿಗಳದ್ದನ್ನ ರೇಡಿಯೇಶನ್ ಹಾಯಿಸದೆ ಕೊಡೋ ಹಾಗಿಲ್ಲ, ಅದಕ್ಕೆ ಹೊರಗಿನವರ ಪಟ್ಟಿಯೇ ಬೇಕು.

ಕುಂದವಾಡಕೆರೆ:

ಮಾರಿಕಣಿವೆ ಮೇಡಂ, ಕಾರ್ಡಿನ ವಿಷಯ ಕಮಿಟಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಎಣ್ಣೆಗಿರಣಿ ಅಣ್ಣ, ಪಟ್ಟಿ ಕೆಲಸ ಈ ವಾರವೇ ಶುರು ಮಾಡ್ತೀವಿ. ಇನ್ನೆರಡು ಪ್ರಶ್ನೆ. ಮನೆಗೆ ದಿನಸಿ ಕಿಟ್ ಕೊಡೋದು ಸರಿಯಾ? ಮಗು ಶಾಲೆಗೆ ಯಾವಾಗ ಹೋಗಬಹುದು? ಮತ್ತೆ ಕೇಳೋಕೆ ಕಷ್ಟ ಆಗುತ್ತೆ, ಆದರೂ ಕೇಳ್ತೀನಿ: ಇನ್ನು ಚಿಕಿತ್ಸೆ ಇಲ್ಲ ಅಂತ ವಾಪಸ್ ಕಳಿಸಿದ ಮಗುವಿಗೆ ನಾವೇನು ಮಾಡಬಹುದು?

ಜೋಗಿಮಟ್ಟಿ:

ಕಿಟ್‌ನಲ್ಲಿ ಅಕ್ಕಿ ಹಾಕಬೇಡಿ, ಅದು ರೇಷನ್‌ನಲ್ಲಿ ಬರುತ್ತೆ. ತೊಗರಿಬೇಳೆ 3 ಕಿಲೋ, ಶೇಂಗಾ 2 ಕಿಲೋ, ಎಣ್ಣೆ 2 ಲೀಟರ್, ಬೆಲ್ಲ, ರಾಗಿಹಿಟ್ಟು, ಮೊಟ್ಟೆ ತಿನ್ನುವ ಮನೆಯಾದರೆ ವಾರಕ್ಕೊಂದು ಡಜನ್. ಮೊಟ್ಟೆ ಗಟ್ಟಿ ಬೇಯಿಸಿದ್ದೇ ಇರಲಿ. ಮಗು ಮಂಡಕ್ಕಿ ಬೇಕು ಅಂದರೆ ಮನೆಯಲ್ಲೇ ಒಗ್ಗರಣೆ ಹಾಕಿ ಬಿಸಿಬಿಸಿ ಕೊಡಲಿ. ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ ಉದುರಿಸೋದು, ಹೊರಗಿನ ಮಿರ್ಚಿ ಚಟ್ನಿ ಬೇಡ. ಸ್ಟೀರಾಯ್ಡ್ ವಾರಗಳಲ್ಲಿ ಮಗು ಗಂಟೆಗೊಮ್ಮೆ ಊಟ ಕೇಳುತ್ತೆ, ಹಠ ಮಾಡುತ್ತೆ, ಅದು ಔಷಧದ ಗುಣ. ಆಗ ಉಪ್ಪಿನಕಾಯಿ, ಹಪ್ಪಳ ದೂರ ಇಡಿ.

ಒಂದು ರಿಜಿಸ್ಟರ್ ಇಡಿ, ಇದನ್ನು ಮೊದಲೇ ಬರೀಬೇಕಿತ್ತು. ಪ್ರತಿ ಮಗುವಿನ ಮುಂದಿನ ತಾರೀಕು. ಮೂರು ದಿನ ಮುಂಚೆ ಫೋನ್, ತಾರೀಕಿನ ಮರುದಿನ ಹೋದರಾ ಅಂತ ಫೋನ್. ಹೋಗದಿದ್ದರೆ ವಾರದೊಳಗೆ ಮನೆಗೆ ಭೇಟಿ. ಸತತ ನಾಲ್ಕು ವಾರ ತಪ್ಪಿದರೆ ವೈದ್ಯಕೀಯ ಲೆಕ್ಕದಲ್ಲಿ ಅದು ಚಿಕಿತ್ಸೆ ಬಿಟ್ಟಂತೆ, ಅಲ್ಲಿಯವರೆಗೆ ಬಿಡಬೇಡಿ. ಸುಗ್ಗಿ, ಮೆಕ್ಕೆಜೋಳದ ಕಟಾವು, ಊರ ಜಾತ್ರೆ, ಮನೆಯಲ್ಲಿ ಮದುವೆ, ತಾರೀಕು ತಪ್ಪೋದು ಇಂಥ ವಾರಗಳಲ್ಲೇ.

ಮಾರಿಕಣಿವೆ:

ಶಾಲೆಗೆ ಸಾಮಾನ್ಯವಾಗಿ ಮೇಂಟೆನೆನ್ಸ್ ಶುರುವಾದ ಮೇಲೆ, ಡಾಕ್ಟರ್ ಕೌಂಟ್ ನೋಡಿ ಹೇಳಿದಾಗ. ಅಷ್ಟರಲ್ಲಿ ಟಿಸಿ ತೆಗೆಸಲು ಬಿಡಬೇಡಿ. ಹೆಡ್ ಮೇಷ್ಟ್ರಿಗೆ ಒಂದು ಮಾತು ಖಚಿತವಾಗಿ ಹೇಳಿ: ತರಗತಿಯಲ್ಲಿ ಯಾರಿಗಾದರೂ ಅಮ್ಮ (ಚಿಕನ್‌ಪಾಕ್ಸ್) ಎದ್ದರೆ, ದಡಾರ ಬಂದರೆ ಅದೇ ದಿನ ಮನೆಗೆ ತಿಳಿಸಬೇಕು. ಚಿಕನ್‌ಪಾಕ್ಸ್ ಸಂಪರ್ಕ ಆದ ಮೇಲೆ ತಡೆಗಟ್ಟುವ ಚಿಕಿತ್ಸೆ ಆದಷ್ಟೂ 96 ಗಂಟೆಯೊಳಗೆ ಶುರುವಾಗಬೇಕು. ಮನೆಯಲ್ಲಿ ಪುಟ್ಟ ತಮ್ಮ ತಂಗಿ ಇದ್ದರೆ ಪಲ್ಸ್ ಪೋಲಿಯೊ ಹನಿ ಹಾಕಿಸುವ ಮೊದಲು ಆಶಾ ಕಾರ್ಯಕರ್ತೆಗೆ ವಿಷಯ ತಿಳಿಸಿ, ಡಾಕ್ಟರನ್ನು ಕೇಳಿ. ಅಂಥ ಮನೆಗೆ ಚುಚ್ಚುಮದ್ದಿನ ಪೋಲಿಯೊ ಲಸಿಕೆ ಸೂಕ್ತ.

ಕೊನೆಯ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಚಿಕಿತ್ಸೆ ನಿಂತರೂ ನೋವಿಗೆ ಔಷಧ ಇದೆ, ಅದು ಮಗುವಿನ ಹಕ್ಕು. ಬಾಯಿಂದ ಕೊಡುವ ಮಾರ್ಫಿನ್ ಸರಿಯಾದ ಡೋಸ್‌ನಲ್ಲಿ ಮಕ್ಕಳಿಗೂ ಸುರಕ್ಷಿತ. ಎನ್‌ಡಿಪಿಎಸ್ ಕಾಯ್ದೆಗೆ (ಮಾದಕ ವಸ್ತುಗಳ ಕಾನೂನು) 2014ರಲ್ಲಿ ತಿದ್ದುಪಡಿ ಬಂದ ಮೇಲೆ, ಮಾನ್ಯತೆ ಪಡೆದ ಆಸ್ಪತ್ರೆಗಳು ಪದೇಪದೇ ಬೇರೆ ಬೇರೆ ಲೈಸೆನ್ಸ್ ಇಲ್ಲದೆ ಅದನ್ನು ಇಡಬಹುದು. ಎರಡೂ ಜಿಲ್ಲೆಯಲ್ಲಿ ಯಾವ ಆಸ್ಪತ್ರೆಗೆ ಆ ಮಾನ್ಯತೆ ಇದೆ, ಮಾತ್ರೆ ಸ್ಟಾಕ್ ಇದೆಯೇ ಅಂತ ಈಗಲೇ ವಿಚಾರಿಸಿ ಬರೆದಿಡಿ. ಮಗು ಮನೆಗೆ ಬಂದ ಮೇಲೆ ಹುಡುಕೋಕೆ ಹೊರಟರೆ ತಡವಾಗುತ್ತದೆ. ವಾಸಿಯಾಗದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯದಲ್ಲಿ ಆರೈಕೆ ಉಚಿತ, ಆದರೆ ಹೆಚ್ಚಿನ ಮನೆಯವರು ಊರಲ್ಲೇ ಇರಬೇಕು ಅಂತಾರೆ. ಮಾರ್ಫಿನ್ ಜೊತೆ ಮಲ ಕಟ್ಟದಂತೆ ಔಷಧ ಮೊದಲ ದಿನದಿಂದಲೇ ಬೇಕು, ಇದನ್ನು ಬರೆಸಿಕೊಳ್ಳಲು ಮರೆಯುತ್ತಾರೆ. ನೋವು ಬಂದಾಗ ಮಾತ್ರ ಕೊಡೋದಲ್ಲ, ಹೇಳಿದ ಗಂಟೆಗೆ ಸರಿಯಾಗಿ ಕೊಡಬೇಕು, ರಾತ್ರಿಯ ಡೋಸ್ ಸಹ. ನಿಮ್ಮವರು ವಾರಕ್ಕೆರಡು ಸಲ ಹೋಗಿ ಬರಲಿ, ತಿಂಗಳ 2,500 ನಿಲ್ಲಿಸಬೇಡಿ. ಮಗು ಹೋದ ಮೇಲೂ ಮೂರು ತಿಂಗಳು ಅದು ಅಮ್ಮನ ಖಾತೆಗೆ ಹೋಗುತ್ತಿರಲಿ, ಸಾಲ ಕೊಟ್ಟವರು ಬಂದು ನಿಲ್ಲೋದು ಆ ದಿನಗಳಲ್ಲೇ.